ಹೈಟೆಕ್ ಸಿಟಿಯಲ್ಲೊಂದು ಸಮುದ್ರ

ಹೋದ ತಿಂಗಳು ಗೆಳತಿಯ ಮಗುವಿನ ನಾಮಕರಣಕ್ಕೆಂದು ಬಹಳ ವರ್ಷಗಳ ಮೇಲೆ ಹೈದರಾಬಾದಿಗೆ ಹೋಗಿದ್ದೆ. ಮೆಟ್ರೊದ ಕೊನೆಯ ನಿಲ್ದಾಣ ಮಿಯಾಪುರದಲ್ಲಿ ಇಳಿದು, ಅವಳ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಹುಡುಕಿಕೊಂಡು ಹೋಗಿ ಬಾಗಿಲು ತಳ್ಳಿದೆ. ಒಳಗಿನ ವಾಸನೆ ಮೂಗಿಗೆ ಬಡಿಯಿತು. ಸಮಾರಂಭಕ್ಕಾಗಿ ಅಂದು ಬೆಳಿಗ್ಗೆಯಷ್ಟೇ ಹೊಸ ಕಾರ್ಪೆಟ್ ಹಾಸಿದ್ದರು. ಅದರಡಿಯ ಹಸಿ ಅಂಟು, ಏಸಿಯ ತಣ್ಣನೆಯ ಗಾಳಿ, ಮೂಲೆಯಲ್ಲಿ ಫ್ಲಾಸ್ಕಿನಿಂದ ಬಗ್ಗಿಸುತ್ತಿದ್ದ ಗಟ್ಟಿ ಚಹಾ. ಬೇರೆಯವರಿಗೆ ತಲೆನೋವು ತರಿಸುವ ಆ ವಾಸನೆಗೆ ನನ್ನ ಎದೆ ಡವಗುಟ್ಟತೊಡಗಿತು. ಬಾಗಿಲಲ್ಲೇ ನಗುತ್ತಾ ನಿಂತ ನನ್ನನ್ನು ಗೆಳತಿ ಕೈಹಿಡಿದು ಒಳಗೆ ಎಳೆದುಕೊಂಡು ಹೋದಳು. ನಾನು ಮಾತ್ರ ಆ ಹೊತ್ತಿಗಾಗಲೇ ಇನ್ನೊಂದು ಸಭಾಂಗಣದಲ್ಲಿದ್ದೆ. ಅಲ್ಲಿ ಜಗತ್ತಿನ ಎಲ್ಲ ದೇಶಗಳ ಹೆಸರಿನ ಫಲಕಗಳು ಸಾಲಾಗಿ ನಿಂತಿದ್ದವು, ಅವುಗಳಲ್ಲೊಂದರ ಹಿಂದಿನ ಕುರ್ಚಿಯಲ್ಲಿ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ.

ಅದು ಹೈದರಾಬಾದಿನಲ್ಲಿ ಎಲ್ಲವೂ ಸಾಧ್ಯವೆಂದು ತೋರುತ್ತಿದ್ದ ಕಾಲ. ಮಾಧಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಹೋದ ವಾರ ಗುಡ್ಡವಿದ್ದಲ್ಲಿ ಈ ವಾರ ಪಾಯ ಇರುತ್ತಿತ್ತು. ನಾನು ಹೊನ್ನಾವರದ ಹುಡುಗಿ. ಅಪ್ಪ ಮೀನು ಹಿಡಿಯುವ ದೋಣಿಯೊಂದರ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ. ನಾನು ಓದಿದ್ದು ಭೂಗೋಳ, ಕಲಿತದ್ದು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು, ಸೇರಿದ್ದು ಹೈಟೆಕ್ ಸಿಟಿಯ ಒಂದು ನಕ್ಷೆ ಕಂಪನಿ. ಇರುತ್ತಿದ್ದದ್ದು ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಕುಷಾಯಿಗೂಡದಲ್ಲಿ, ಶಾಂತಾಬಾಯಿಯವರ ಮನೆಯ ಮೇಲಿನ ಕೋಣೆಯಲ್ಲಿ. ಶಾಂತಾಬಾಯಿ ಬೀದರ ಕಡೆಯವರು. ಅವರ ಗಂಡ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ ಹಿಡಿದಾಗ ಬಂದವರು ಅಲ್ಲೇ ಉಳಿದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ತರಕಾರಿ ಗಾಡಿಯವನ ಹತ್ತಿರ ದಖನಿ ಉರ್ದು. ನಾನು ಬೆಳಿಗ್ಗೆ ಬಸ್ಸಿನಲ್ಲಿ ಸಿಕಂದರಾಬಾದಿಗೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ಕೆಲಸದ ಹತ್ತಿರವೇ ಮನೆ ಮಾಡು ಎಂದು ಎಲ್ಲರೂ ಹೇಳುತ್ತಿದ್ದರು. ಶಾಂತಾಬಾಯಿಯ ಜೋಳದ ರೊಟ್ಟಿಯನ್ನೂ ಅವರ ಮಾತನ್ನೂ ಬಿಟ್ಟುಹೋಗುವ ಮನಸ್ಸು ನನಗಿರಲಿಲ್ಲ.

ಆ ವರ್ಷ ಮಳೆ ಹಿಂದೆ ಸರಿಯಲು ಒಲ್ಲೆನೆನ್ನುತ್ತಿತ್ತು. ಹಗಲೆಲ್ಲ ಸುಡುಬಿಸಿಲು, ಸಂಜೆಗೆ ಗುಡುಗು, ರಸ್ತೆ ತುಂಬ ಮಂಡಿಮಟ್ಟ ನೀರು. ಅಂಥ ದಿನಗಳಲ್ಲಿ ಊರಿಗೆ ಒಂದು ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ಬಂತು. ಕಾಡು, ಕಡಲು, ಪ್ರಾಣಿ, ಸಸ್ಯಗಳನ್ನು ಉಳಿಸುವ ಬಗ್ಗೆ ದೇಶದೇಶಗಳು ಕೂತು ಮಾತಾಡುವ ಸಭೆ. ರಸ್ತೆಗೆ ಬಣ್ಣ ಬಂತು, ಫುಟ್‌ಪಾತಿಗೆ ಹೂಕುಂಡ ಬಂತು. ನಮ್ಮ ಕಂಪನಿ ಅಲ್ಲಿ ಒಂದು ಸ್ಟಾಲ್ ಹಿಡಿಯಿತು. ಗೋಡೆಯಗಲದ ಪರದೆಯ ಮೇಲೆ ಜಗತ್ತಿನ ಸಾಗರಗಳ ನಕ್ಷೆ ತೋರಿಸಿ ಹೊಸ ಗಿರಾಕಿಗಳನ್ನು ಹಿಡಿಯುವುದು ನಮ್ಮ ಮ್ಯಾನೇಜರ್ ಶ್ರೀನಿವಾಸ್ ಅವರ ಯೋಚನೆ. ಪರದೆಯ ಪಕ್ಕ ನಿಂತು ವಿವರಿಸುವ ಕೆಲಸ ನನ್ನದು. ಇದನ್ನು ಚೆನ್ನಾಗಿ ಮಾಡಿದರೆ ಮುಂದಿನ ದೊಡ್ಡ ಕೆಲಸ, ಭಾರತದ ಇಡೀ ಕರಾವಳಿಯ ನಕ್ಷೆ, ನನಗೇ ಎಂದು ಅವರು ಹೇಳಿದ್ದರು. ನನ್ನ ಊರಿನ ಅಳಿವೆಯನ್ನು ನಾನೇ ಬರೆಯಬಹುದು ಎಂದು ಮನಸ್ಸು ಕುಣಿಯುತ್ತಿತ್ತು.

ಸಮ್ಮೇಳನ ಶುರುವಾದ ಕೆಲ ದಿನಗಳಿಗೆ, ಊಟದ ಬಿಡುವಿನಲ್ಲಿ, ದಪ್ಪ ಹೂಗಳ ಚಿತ್ರವಿದ್ದ ಉಡುಪು ತೊಟ್ಟ ಹೆಂಗಸೊಬ್ಬಳು ಬಂದು ಪರದೆಯ ಮುಂದೆ ಸುಮ್ಮನೆ ನಿಂತಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬೇಕು. ಎತ್ತರದ ಮೈಕಟ್ಟು, ಎತ್ತಿ ಕಟ್ಟಿದ ಗುಂಗುರು ಕೂದಲು. ಬಹಳ ಹೊತ್ತು ನೋಡಿ, ನಯವಾಗಿ, ನನ್ನ ದೇಶ ಎಲ್ಲಿದೆ ಎಂದು ಕೇಳಿದಳು. ಹೆಸರು ಕೇಳಿ ನಾನು ಹುಡುಕಿದೆ. ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಬರೀ ನೀಲಿ. ದೊಡ್ಡ ನಕ್ಷೆಯನ್ನು ಚಿಕ್ಕದಾಗಿಸುವಾಗ ಒಂದು ಅಳತೆಗಿಂತ ಸಣ್ಣ ತುಣುಕುಗಳನ್ನು ಕಂಪ್ಯೂಟರು ತಾನೇ ಅಳಿಸಿಬಿಡುತ್ತದೆ. ಅವಳ ದೇಶದ ದ್ವೀಪಗಳೆಲ್ಲ ಹಾಗೆ ಉದುರಿಹೋಗಿದ್ದವು. ಅವಳಿಗೆ ಅದನ್ನು ವಿವರಿಸಿ, ಅಲ್ಲೇ ಕೂತು ಮೂಲ ನಕ್ಷೆ ತೆರೆದು ದ್ವೀಪಗಳನ್ನು ಒಂದೊಂದಾಗಿ ತಂದು ಕೂರಿಸಿದೆ. ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಪ್ರತಿಯೊಂದಕ್ಕೂ ಹೆಸರು ಹೇಳಿದಳು. ಕೊನೆಯದು ಬಂದು ಕೂತಾಗ ಚಪ್ಪಾಳೆ ತಟ್ಟಿದಳು. ಹೀಗೆ ಲೋಸಾ ನನಗೆ ಪರಿಚಯವಾದಳು. ಆ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿಯ ಜನರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವಷ್ಟು ಸಣ್ಣ ದೇಶ, ಹೆಸರು ಹೇಳಿದರೆ ಎಲ್ಲರ ಗುರುತೂ ಹತ್ತಿಬಿಡುತ್ತದೆ.

ಲೋಸಾ ಅಲ್ಲಿನ ಮೀನುಗಾರಿಕೆ ಇಲಾಖೆಯ ಅಧಿಕಾರಿ. ಇಡೀ ದೇಶದ ಪರವಾಗಿ ಬಂದಿದ್ದವರು ಇಬ್ಬರೇ, ಅವಳು ಮತ್ತು ರಾಯಭಾರಿ ತೋಮಾಸಿ. ತೋಮಾಸಿ ರಾಯಭಾರಿಯಾಗುವ ಮೊದಲು ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದವರು. ಬಿಳಿ ಹುಬ್ಬಿನ ಕೆಳಗಿನಿಂದ ನೋಡುತ್ತಿದ್ದರೆ ನನಗೆ ಹೋಂವರ್ಕ್ ಮರೆತುಬಂದ ಹಾಗೆ ಅನ್ನಿಸುತ್ತಿತ್ತು. ದೊಡ್ಡ ದೇಶಗಳಿಂದ ಒಂದು ಬಸ್ಸಿನಷ್ಟು ಜನ ಬಂದಿದ್ದರು. ಒಂದೇ ಹೊತ್ತಿಗೆ ನಾಲ್ಕಾರು ಕೋಣೆಗಳಲ್ಲಿ ಸಭೆ ನಡೆಯುತ್ತಿತ್ತು, ಇವರಿಬ್ಬರು ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಮರುದಿನದಿಂದ ಲೋಸಾ ಓಡಾಟದ ನಡುವೆ ನಮ್ಮ ಸ್ಟಾಲಿಗೆ ಬಂದು, ಚಪ್ಪಲಿ ಬಿಚ್ಚಿ, ಚಹಾ ಕುಡಿದು ಹೋಗುವುದು ರೂಢಿಯಾಯಿತು. ಆ ಚಹಾಗಳ ನಡುವೆ ಅವಳು ಬಂದ ಕಾರಣ ತಿಳಿಯಿತು.

ಅವಳ ದೇಶದ ಬೊಕ್ಕಸ ಬಹುಮಟ್ಟಿಗೆ ನಡೆಯುತ್ತಿದ್ದುದು ಹೊರದೇಶಗಳ ದೊಡ್ಡ ಹಡಗುಗಳಿಗೆ ಮೀನು ಹಿಡಿಯಲು ಕೊಡುವ ಪರವಾನಗಿಯಿಂದ. ಆ ಹಡಗುಗಳು ಬಂದುಹೋದ ಮೇಲೆ ಊರಿನ ಸಣ್ಣ ದೋಣಿಗಳಿಗೆ ಏನೂ ಉಳಿಯುತ್ತಿರಲಿಲ್ಲ. ದ್ವೀಪಗಳ ಸುತ್ತಲಿನ ಹವಳದ ಕೊಳ, ಅಂದರೆ ಹವಳದ ದಿಬ್ಬಗಳು ಒಳಗೆ ತಡೆದಿಟ್ಟ ಆಳವಿಲ್ಲದ ಕಡಲು, ಅದೂ ಬರಿದಾಗುತ್ತ ಬಂದಿತ್ತು. ಲೋಸಾ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ಊರಿನ ಹಿರಿಯರ ಜೊತೆ ಕೂತು, ಒಂದು ಒಪ್ಪಂದ ಮಾಡಿಕೊಂಡಿದ್ದಳು. ಹವಳದ ಕೊಳದಲ್ಲಿ ಮೀನು ಮರಿ ಮಾಡಿ ಬೆಳೆಯುವ ತನಕ ಊರವರು ಬಲೆ ಹಾಕುವುದಿಲ್ಲ. ಅದಕ್ಕೆ ಬದಲಾಗಿ ಸರ್ಕಾರ ಹೊರಗಿನ ಸಮುದ್ರದಲ್ಲಿರುವ ಒಂದು ಮುಳುಗಿದ ಗುಡ್ಡದ ಹತ್ತಿರ ಹೊರದೇಶದ ಹಡಗುಗಳನ್ನು ಬಿಡುವುದಿಲ್ಲ. ನೀರಿನಡಿಯ ಆ ಗುಡ್ಡದ ಸುತ್ತ ದೊಡ್ಡ ಮೀನುಗಳೆಲ್ಲ ಬಂದು ಸೇರುತ್ತಿದ್ದವು. ಕೊಳ ಬಿಟ್ಟುಕೊಟ್ಟವರಿಗೆ ಆ ಗುಡ್ಡವೇ ಅನ್ನ. ಇದನ್ನು ಕಾನೂನು ಮಾಡುವ ಮಸೂದೆ ಸಿದ್ಧವಾಗಿತ್ತು. ಅವಳ ಮಂತ್ರಿ ಮಾತ್ರ ಅತ್ತಿತ್ತ ತೂಗುತ್ತಿದ್ದ. ಈ ಸಮ್ಮೇಳನ ನಮ್ಮ ಸಮುದ್ರವನ್ನು ಮಹತ್ವದ್ದೆಂದು ಗುರುತಿಸಿದರೆ ಮಸೂದೆ ಮಂಡಿಸುತ್ತೇನೆ, ಇಲ್ಲವಾದರೆ ಹಡಗುಗಳ ಪರವಾನಗಿಯನ್ನು ಹೊಸದು ಮಾಡಿ ರುಜು ಹಾಕುತ್ತೇನೆ ಎಂದು ಹೇಳಿ ಕಳಿಸಿದ್ದ.

ಸಂಗತಿ ಸಲೀಸಾಗಿ ನಡೆಯುವಂತೆಯೇ ಇತ್ತು. ಆದರೆ ಶನಿವಾರ ಮಧ್ಯಾಹ್ನ ಲೋಸಾ ಸ್ಟಾಲಿಗೆ ಬಂದಾಗ ಅವಳ ಮುಖ ನೋಡಿ ನಾನು ಚಹಾದ ಲೋಟ ಕೆಳಗಿಟ್ಟೆ. ಸಭೆಯಲ್ಲಿ ಅವಳ ನೆರೆಯ ದೇಶ, ಅದು ದೊಡ್ಡದು, ಹಡಗು ವಿಮಾನ ಎಲ್ಲ ಇರುವುದು, ಆಕ್ಷೇಪ ಎತ್ತಿತ್ತು. ಲೋಸಾ ಸಭೆಯ ಮುಂದಿಟ್ಟ ನಕ್ಷೆಯಲ್ಲಿ ಆ ಮುಳುಗಿದ ಗುಡ್ಡವನ್ನು ಅವಳ ದೇಶದ ಗಡಿಗೆರೆಯೊಳಗೆ ತೋರಿಸಲಾಗಿದೆ, ಆ ನೀರು ತಮ್ಮದೂ ಹೌದು ಎಂದು ಅದರ ಪ್ರತಿನಿಧಿ ಹೇಳಿದ್ದರು. ಸೋಮವಾರ ಸಂಜೆಯೊಳಗೆ ನೀವಿಬ್ಬರೂ ಇತ್ಯರ್ಥ ಮಾಡಿಕೊಳ್ಳಿ, ಆಗದಿದ್ದರೆ ಈ ವಿಷಯವನ್ನು ಮುಂದಿನ ಸಮ್ಮೇಳನಕ್ಕೆ ಹಾಕುತ್ತೇನೆ ಎಂದು ಸಭಾಧ್ಯಕ್ಷರು ಮುಗಿಸಿಬಿಟ್ಟಿದ್ದರು. ಮುಂದಿನ ಸಮ್ಮೇಳನ ಇನ್ನೂ ಎರಡು ವರ್ಷಕ್ಕೆ. ಅಷ್ಟರೊಳಗೆ ಪರವಾನಗಿಗೆ ರುಜು ಬಿದ್ದಿರುತ್ತದೆ.

ನೆರೆದೇಶದವರು ಒಂದು ದಾರಿ ಸೂಚಿಸಿದ್ದರು. ಗುಡ್ಡವನ್ನು ಕೈಬಿಡಿ, ಉಳಿದದ್ದಕ್ಕೆ ನಮ್ಮ ತಕರಾರಿಲ್ಲ. ತೋಮಾಸಿ ಒಪ್ಪಿಕೊಳ್ಳೋಣ ಎಂದರು. ಸಿಕ್ಕಷ್ಟನ್ನು ಹಿಡಿದುಕೊಂಡು ಮನೆಗೆ ಹೋಗುವುದೇ ನಮ್ಮಂಥವರ ರಾಜತಾಂತ್ರಿಕತೆ ಎಂಬುದು ಅವರ ವಾದ. ಲೋಸಾ ಒಪ್ಪಲಿಲ್ಲ. ನಮ್ಮ ಸ್ಟಾಲಿನ ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ, ಇಬ್ಬರೂ ತಮ್ಮ ಭಾಷೆಯಲ್ಲಿ ವಾದಿಸಿದರು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಕೊನೆಗೆ ಲೋಸಾ ಇಂಗ್ಲಿಷಿಗೆ ಹೊರಳಿದಳು. ನಾನೂ ಕೇಳಲಿ ಎಂದೋ ಏನೋ.

"ನೀವು ಸಹಿ ಹಾಕಿ ವಿಮಾನ ಹತ್ತುತ್ತೀರಿ ಮಾಸ್ತರ್. ದಂಡೆಯಲ್ಲಿ ಇಳಿಯುವವಳು ನಾನು. ಊರವರು ಆಗಲೇ ಬಲೆ ಎತ್ತಿಟ್ಟಿದ್ದಾರೆ. ನನ್ನ ಮಾತು ನಂಬಿ ಎತ್ತಿಟ್ಟಿದ್ದಾರೆ."

ತೋಮಾಸಿ ಟೋಪಿ ತೆಗೆದು ಬೆವರು ಒರೆಸಿಕೊಂಡು ಹೊರಟುಹೋದರು.

ಮರುದಿನ ಭಾನುವಾರ, ಸಭೆಗಳಿಗೆ ರಜೆ. ಹೋಟೆಲಿನ ಕೋಣೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದಳು ಲೋಸಾ. ನಾನು ಅವಳನ್ನು ಲೋಕಲ್ ರೈಲು, ಬಸ್ಸು ಹಿಡಿದು ಕುಷಾಯಿಗೂಡಕ್ಕೆ ಕರೆದುಕೊಂಡು ಹೋದೆ. ಬತುಕಮ್ಮ ಹಬ್ಬದ ದಿನಗಳು ಅವು. ಓಣಿ ಓಣಿಯಲ್ಲಿ ಹೆಂಗಸರು ತಂಗಡಿ, ಗುನುಗು, ಚೆಂಡುಹೂಗಳನ್ನು ತಟ್ಟೆಯಲ್ಲಿ ಗೋಪುರದಂತೆ ಪೇರಿಸಿ, ಸುತ್ತ ತಿರುಗಿ ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದರು. ಶಾಂತಾಬಾಯಿ ಅಂಗಳದಲ್ಲಿ ನೆರೆಯವರ ಜೊತೆ ಹೂ ಪೇರಿಸುತ್ತ ಕೂತಿದ್ದರು. ಅತಿಥಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಬುಟ್ಟಿ ಹೂ ಅವಳ ಮುಂದೆ ತಳ್ಳಿ, ಕೂಡ್ರು ಎಂದು ಕೈಸನ್ನೆ ಮಾಡಿದರು. ಲೋಸಾ ಚಕ್ಕಳಮಕ್ಕಳ ಹಾಕಿ ಕೂತು ಹೂ ಜೋಡಿಸತೊಡಗಿದಳು. ಅವಳ ಕೈ ನಮ್ಮೆಲ್ಲರಿಗಿಂತ ಚುರುಕಾಗಿತ್ತು.

ಅವಳ ದೇಶ ಎಷ್ಟು ದೊಡ್ಡದೆಂದು ಶಾಂತಾಬಾಯಿ ಕೇಳಿದರು. ನಾನು ಅನುವಾದಿಸಿದೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ದೊಡ್ಡ ದ್ವೀಪವನ್ನು ಒಂದು ಸುತ್ತು ನಡೆದುಬರಬಹುದು ಎಂದಳು ಲೋಸಾ. ಶಾಂತಾಬಾಯಿ ಕೈಯಲ್ಲಿದ್ದ ಹೂವನ್ನು ಹಾಗೇ ಹಿಡಿದು ಸ್ವಲ್ಪ ಯೋಚಿಸಿದರು.

"ಅಂದ್ರ ನಮ್ಮ ತಾಲ್ಲೂಕಿಗಿಂತ ಸಣ್ಣದೈತಿ. ಆದ್ರೂ ಅದರ ಸಲುವಾಗಿ ಮಾತಾಡಾಕ ಈಕಿ ಸಮುದ್ರ ದಾಟಿ ಬಂದಾಳ ನೋಡು. ನಮ್ಮ ತಾಲ್ಲೂಕಿನ ಸಲುವಾಗಿ ಯಾರು ಎಲ್ಲಿ ಹೋಗ್ಯಾರ?"

ಇದರ ಅನುವಾದ ಕೇಳಿ ಲೋಸಾ ಆ ಎರಡು ದಿನಗಳಲ್ಲಿ ಮೊದಲ ಸಲ ನಕ್ಕಳು. ಸಂಜೆ ಎಲ್ಲರೂ ಹೂಗೋಪುರಗಳನ್ನು ತಲೆಯ ಮೇಲೆ ಹೊತ್ತು ಕೆರೆಗೆ ಹೋದೆವು. ಅವಳ ತಲೆಯ ಮೇಲೂ ಒಂದಿತ್ತು. ಹೂಗಳನ್ನು ನೀರಿಗೆ ಬಿಟ್ಟ ಮೇಲೆ ಕೆರೆಯ ಏರಿಯ ಮೇಲೆ ಕೂತಾಗ ಅವಳು ನಮ್ಮೂರಿನ ಮೀನುಗಾರಿಕೆಯ ಬಗ್ಗೆ ಕೇಳಿದಳು. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವ ಹೊತ್ತಿಗೆ ಯಂತ್ರದ ದೋಣಿಗಳನ್ನೆಲ್ಲ ದಡಕ್ಕೆ ಎಳೆದಿಡುವ ಸರ್ಕಾರಿ ನಿಯಮವನ್ನು ನಾನು ವಿವರಿಸಿದೆ. ಒಂದೊಂದು ರಾಜ್ಯದ ತಾರೀಖು ಒಂದೊಂದು ಥರ. ನಮ್ಮ ದೋಣಿಗಳು ದಡದಲ್ಲಿದ್ದಾಗ ಪಕ್ಕದ ರಾಜ್ಯದ ದೋಣಿಗಳು ನೀರಿಗಿಳಿದಿರುತ್ತಿದ್ದವು, ಎಷ್ಟೋ ಸಲ ಅದಲುಬದಲಾಗಿಯೂ ನಡೆಯುತ್ತಿತ್ತು. ಅಪ್ಪನಿಗೆ ಅದೇ ಸಿಟ್ಟು. ನಮ್ಮ ರಾಜ್ಯ ಎಲ್ಲಿಗೆ ಮುಗಿಯಿತು ಅಂತ ಬಂಗಡೆ ಮೀನಿಗೆ ಯಾರು ಹೇಳಬೇಕು ಎಂದು ಬೈಯುತ್ತ ಬಲೆ ನೇಯುತ್ತಿದ್ದರು.

ಲೋಸಾ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. ತಾನು ಸಭೆಗೆ ಕೊಟ್ಟ ನಕ್ಷೆಯಿಂದ ಗಡಿಗೆರೆ ತೆಗೆಯಬಹುದೆ ಎಂದು ಕೇಳಿದಳು. ನನಗೆ ಮೊದಲು ಅರ್ಥವಾಗಲಿಲ್ಲ. ನೆರೆದೇಶದವರು ಜಗಳ ತೆಗೆದದ್ದು ಗೆರೆಯ ಮೇಲೆ, ಗುಡ್ಡದ ಮೇಲಲ್ಲ ಎಂದು ಬಿಡಿಸಿ ಹೇಳಿದಳು. ಮೀನಿಗೂ ಗೆರೆ ಬೇಕಾಗಿಲ್ಲ. ಹಾಗಾದರೆ ಆ ಗೆರೆ ಅಲ್ಲೇಕಿದೆ?

ಗೆರೆ ತೆಗೆಯುವುದು ಒಂದು ಗುಂಡಿ ಒತ್ತುವ ಕೆಲಸ. ಕಷ್ಟವಿದ್ದದ್ದು ಅದರ ನಂತರ. ಗಡಿಯಿಲ್ಲದಿದ್ದರೆ ಉಳಿಸಬೇಕಾದ ಪ್ರದೇಶ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನೀರನ್ನೇ ಕೇಳಿ ಬರೆಯಬೇಕು. ಆಳ, ಪ್ರವಾಹ, ಮೀನು ಬರುವ ಹಾದಿ, ಆಮೆ ಈಜುವ ದಾರಿ. ಇದನ್ನು ಹೇಳುತ್ತ ಹೇಳುತ್ತ ನನ್ನ ಧ್ವನಿ ಏರಿತೆಂದು ಕಾಣುತ್ತದೆ, ಕೆರೆಯ ದಂಡೆಯ ಹೆಂಗಸರು ತಿರುಗಿ ನೋಡಿದರು. ನಾಳೆ ಮಧ್ಯಾಹ್ನದೊಳಗೆ ಆಗುತ್ತದೆಯೇ ಎಂದಳು ಲೋಸಾ. ಆಗುತ್ತದೆ ಎಂದೆ. ಹೇಗೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಮೊದಲ ಬಸ್ಸು ಹಿಡಿದು ಆಫೀಸಿಗೆ ಹೋದೆ. ಶ್ರೀನಿವಾಸ್ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿ, ದೊಡ್ಡ ನಕ್ಷೆ ಮುದ್ರಿಸುವ ಯಂತ್ರವನ್ನು ಬಳಸಲು ಕೇಳಿದೆ. ಅವರು ಕೆಟ್ಟವರಲ್ಲ. ಬಳಸಿಕೋ ಎಂದರು. ಆದರೆ ಅಂದು ಮಧ್ಯಾಹ್ನ ಕರಾವಳಿ ಯೋಜನೆಯ ಅಧಿಕಾರಿಗಳು ನಮ್ಮ ಸ್ಟಾಲಿಗೆ ಬರುವವರಿದ್ದರು. ಆಗ ಪರದೆಯ ಪಕ್ಕ ನೀನಿರಬೇಕಮ್ಮಾ, ಇಲ್ಲದಿದ್ದರೆ ಆ ಯೋಜನೆಯಲ್ಲೂ ನೀನಿರುವುದಿಲ್ಲ ಎಂದು ತೆಲುಗಿನಲ್ಲಿ ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದರು. ನಾನು ತಲೆಯಾಡಿಸಿ ಕೆಲಸಕ್ಕೆ ಕೂತೆ.

ಆ ಬೆಳಗಿನಂಥ ಬೆಳಗು ನನ್ನ ಕೆಲಸದ ಜೀವನದಲ್ಲಿ ಮತ್ತೆ ಬಂದಿಲ್ಲ. ಆಳದ ಅಳತೆಗಳನ್ನು ಹುಡುಕುತ್ತ ಹೋದಂತೆ ಆ ಗುಡ್ಡವನ್ನು ಎಲ್ಲರಿಗಿಂತ ಚೆನ್ನಾಗಿ ಅಳೆದದ್ದು ಆಕ್ಷೇಪವೆತ್ತಿದ ಆ ನೆರೆದೇಶದ ಸಂಶೋಧನಾ ಹಡಗು ಎಂದು ಗೊತ್ತಾಯಿತು. ಅದರ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ತೆರೆದಿಟ್ಟಿದ್ದರು. ಅವನ್ನು ಸುರಿದು ಬಣ್ಣ ಕೊಟ್ಟಾಗ ತಿಳಿನೀಲಿ, ಕಡುನೀಲಿ, ಮಸಿನೀಲಿಗಳ ನಡುವಿನಿಂದ ಗುಡ್ಡ ನಿಧಾನಕ್ಕೆ ಎದ್ದುಬಂತು. ಅಗಲವಾದ ಬುಡ, ಚಪ್ಪಟೆಯಾದ ತಲೆ, ಒಂದು ಪಕ್ಕ ಕಡಿದಾದ ಇಳಿಜಾರು. ನಾನು ಒಬ್ಬಳೇ ಕುರ್ಚಿಯಿಂದೆದ್ದು ನಿಂತೆ. ಗುಡ್ಡದ ಬುಡ ಮುಗಿದು ಸಮುದ್ರದ ತಳ ಸಮತಟ್ಟಾಗುವಲ್ಲಿ, ಆ ಆಳವನ್ನೇ ಅನುಸರಿಸಿ ಸುತ್ತ ಗೆರೆ ಎಳೆದೆ. ದೇಶಗಳ ಗಡಿ ಎಲ್ಲೂ ಇರಲಿಲ್ಲ. ಲೋಸಾಳಿಗೆ ಫೋನ್ ಮಾಡಿ ಅಳತೆ ಯಾರದೆಂದು ಹೇಳಿದೆ. ಫೋನ್ ತೋಮಾಸಿಯ ಕೈಗೆ ಹೋಯಿತು. ಅವರು ಒಂದೇ ಮಾತು ಹೇಳಿದರು. ಆ ಹಡಗಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆ, ನಮ್ಮ ದೇಶದ ಹೆಸರಿಗಿಂತ ದೊಡ್ಡದಾಗಿ.

ಮುದ್ರಣವಾಗಿ ಹೊರಬಂದ ನಕ್ಷೆಯನ್ನು ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಕೆಳಗಿಳಿದೆ. ಆ ದಿನ ಮಳೆ ಸಂಜೆಯವರೆಗೆ ಕಾಯದೆ ಮಧ್ಯಾಹ್ನಕ್ಕೇ ಬಂದಿತ್ತು. ಆಟೊದವನು ಅರ್ಧ ದಾರಿಗೆ ನಿಲ್ಲಿಸಿ, ಮುಂದೆ ನೀರು, ಹೋಗಲ್ಲ ಎಂದ. ಕೊಳವೆಯಂಥ ಆ ಸುರುಳಿಯನ್ನು ಹೆಗಲಿಗಿಟ್ಟು ನಾನು ನೀರಲ್ಲೇ ನಡೆದೆ. ಸಭಾಂಗಣದ ಬಾಗಿಲಲ್ಲಿ ತೋಮಾಸಿ ಕೊಡೆ ಹಿಡಿದು ಕಾದಿದ್ದರು. ಕೊಡೆಯನ್ನು ನನ್ನ ಮೇಲಲ್ಲ, ನಕ್ಷೆಯ ಮೇಲೆ ಹಿಡಿದರು.

ಒಂದು ಸಣ್ಣ ಕೋಣೆಯಲ್ಲಿ ಮೇಜಿನ ಮೇಲೆ ನಕ್ಷೆ ಹಾಸಿದೆವು. ನನ್ನ ಕೆಲಸ ಮುಗಿದಿತ್ತು, ಸ್ಟಾಲಿಗೆ ಓಡಬಹುದಿತ್ತು. ಲೋಸಾ ಮೆಲ್ಲಗೆ, ಆಳದ ಬಗ್ಗೆ ಕೇಳಿದರೆ ಹೇಳುವವರು ನಮ್ಮಲ್ಲಿ ಯಾರೂ ಇಲ್ಲ ಎಂದಳು. ಶ್ರೀನಿವಾಸ್ ಅವರ ಮಾತು ನೆನಪಾಯಿತು. ಕರಾವಳಿಯ ನಕ್ಷೆ, ನಮ್ಮೂರ ಅಳಿವೆ, ಎಲ್ಲವೂ ಒಮ್ಮೆ ಕಣ್ಣೆದುರು ಬಂದು ಹೋಯಿತು. ನಾನು ಒದ್ದೆ ಬಟ್ಟೆಯಲ್ಲೇ ಮೇಜಿನ ಪಕ್ಕ ನಿಂತೆ.

ನೆರೆದೇಶದ ಪ್ರತಿನಿಧಿ ಬಂದರು. ಹಿಂದೆ ನೌಕಾಪಡೆಯಲ್ಲಿದ್ದವರಂತೆ, ನೆಟ್ಟಗೆ ನಡೆಯುತ್ತಿದ್ದರು. ಕನ್ನಡಕ ಹಾಕಿಕೊಂಡು ನಕ್ಷೆಯ ಮೇಲೆ ಬಾಗಿದರು. ಕೆಳಗಿನ ದೊಡ್ಡ ಅಕ್ಷರಗಳನ್ನು ಓದಿದರು. ಅವರ ಬೆರಳು ಗುಡ್ಡದ ಇಳಿಜಾರಿನ ಮೇಲೆ ಹೋಗಿ ನಿಂತಿತು. ಆ ಹಡಗಿನಲ್ಲಿ ತಾವೂ ಒಮ್ಮೆ ಹೋಗಿದ್ದುಂಟು ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದರು.

"ಗಡಿಗೆರೆ ಎಲ್ಲಿ ಹೋಯಿತು?"

"ನಿಮ್ಮ ಹಡಗಿನ ಅಳತೆಯಲ್ಲಿ ಅದು ಇರಲಿಲ್ಲ ಸರ್," ಎಂದೆ.

ಅವರು ನಗಲಿಲ್ಲ. ಮತ್ತೆ ನಕ್ಷೆ ನೋಡಿ, ತಮ್ಮ ಸರ್ಕಾರವನ್ನು ಕೇಳಬೇಕು ಎಂದು ಹೇಳಿ ಫೋನ್ ಹಿಡಿದು ಹೊರಗೆ ಹೋದರು. ಕಾಯುತ್ತ ಕೂತೆವು. ಲೋಸಾ ತನ್ನ ಕೈಬಳೆಯನ್ನು ತಿರುಗಿಸುತ್ತಲೇ ಇದ್ದಳು. ಹೊರಗೆ ಮಳೆ ಗಾಜಿನ ಗೋಡೆಗೆ ಅಪ್ಪಳಿಸುತ್ತಿತ್ತು. ಅವರು ತಿರುಗಿ ಬಂದಾಗ ಒಂದು ಷರತ್ತು ತಂದಿದ್ದರು. ಈ ನಕ್ಷೆ ಯಾವ ನೀರು ಯಾರದೆಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದು ಒಂದು ವಾಕ್ಯ ಸೇರಿಸಬೇಕು. ತೋಮಾಸಿ ಜೇಬಿನಿಂದ ಪೆನ್ನು ತೆಗೆದು ಆ ವಾಕ್ಯವನ್ನು ಅಲ್ಲೇ ಬರೆದುಕೊಟ್ಟರು. ಪ್ರತಿನಿಧಿ ಓದಿ, ಒಂದು ಅಲ್ಪವಿರಾಮವನ್ನು ಹೊಡೆದುಹಾಕಬಹುದೆ ಎಂದು ಕೇಳಿದರು. ತೋಮಾಸಿ ಹುಬ್ಬಿನ ಕೆಳಗಿನಿಂದ ನೋಡಿ, ಆ ಅಲ್ಪವಿರಾಮ ಅಲ್ಲಿರಲೇಬೇಕು ಎಂದರು. ಅದು ಅಲ್ಲೇ ಉಳಿಯಿತು.

ಸಂಜೆಯ ಮಹಾಸಭೆಗೆ ಲೋಸಾ ನನ್ನನ್ನೂ ಎಳೆದುಕೊಂಡು ಹೋಗಿ ತಮ್ಮ ಫಲಕದ ಹಿಂದಿನ ಕುರ್ಚಿಯಲ್ಲಿ ಕೂರಿಸಿದಳು. ಆ ದೊಡ್ಡ ಸಭಾಂಗಣ, ಹೊಸ ಕಾರ್ಪೆಟ್ಟಿನ ವಾಸನೆ, ಕಿವಿಗಿಟ್ಟುಕೊಂಡ ಯಂತ್ರದಲ್ಲಿ ಆರೇಳು ಭಾಷೆಗಳ ಗುಸುಗುಸು. ನಮ್ಮ ವಿಷಯ ಬಂತು. ಸಭೆ ಈ ಪ್ರದೇಶದ ಮಹತ್ವವನ್ನು ಒಪ್ಪುತ್ತದೆ ಎಂದು ಅಧ್ಯಕ್ಷರು ಓದುತ್ತಿದ್ದಂತೆ ದೂರದ ದೊಡ್ಡ ದೇಶವೊಂದರ ಫಲಕ ಮೇಲೆದ್ದಿತು. ಒಪ್ಪುತ್ತದೆ ಎನ್ನುವುದು ಬೇಡ, ಗಮನಿಸುತ್ತದೆ ಎಂದಿರಲಿ ಎಂದಿತು ಅದು. ಲೋಸಾ ಕಣ್ಣು ಮುಚ್ಚಿಕೊಂಡಳು. ಬರೀ ಗಮನಿಸಿದ್ದನ್ನು ಹಿಡಿದುಕೊಂಡು ಹೋದರೆ ಅವಳ ಮಂತ್ರಿ ಮಸೂದೆಯ ಕಡೆ ತಿರುಗಿಯೂ ನೋಡುವವನಲ್ಲ. ತೋಮಾಸಿ ತಮ್ಮ ಫಲಕ ಎತ್ತಿ ನಿಲ್ಲಿಸಿದರು. ಅವಕಾಶ ಸಿಕ್ಕ ಮೇಲೆ ಮೈಕಿಗೆ ಬಾಗಿ, ತರಗತಿಯಲ್ಲಿ ಮಾತಾಡುವ ಹಾಗೆ ನಿಧಾನವಾಗಿ ಹೇಳಿದರು.

"ಅಧ್ಯಕ್ಷರೇ, ನಾನು ರಾಯಭಾರಿಯಾಗುವ ಮೊದಲು ಮಕ್ಕಳಿಗೆ ವ್ಯಾಕರಣ ಕಲಿಸಿದವನು. ಗಮನಿಸುವುದು ಕಿಟಕಿಯಲ್ಲಿ ಕೂತವರು ಮಾಡುವ ಕೆಲಸ. ನಾವು ಹೊರಗಿದ್ದೇವೆ, ನೀರಲ್ಲಿ. ದಯವಿಟ್ಟು ನಮಗೆ ಇದಕ್ಕಿಂತ ಒಳ್ಳೆಯ ಕ್ರಿಯಾಪದ ಕೊಡಿ."

ಸಭೆಯಲ್ಲಿ ನಗೆ ಹರಿಯಿತು. ಆಮೇಲೆ ನಾನು ನಿರೀಕ್ಷಿಸದಿದ್ದದ್ದು ನಡೆಯಿತು. ನೆರೆದೇಶದ ಫಲಕ ಮೇಲೆದ್ದಿತು. ಆ ನೆಟ್ಟನೆಯ ಮನುಷ್ಯ, ಸ್ವಾಗತಿಸುತ್ತದೆ ಎಂಬ ಪದ ಆಗಬಹುದು ಎಂದು ಸೂಚಿಸಿ ಕೂತರು. ಅಧ್ಯಕ್ಷರು ಸಭೆಯತ್ತ ಕಣ್ಣಾಡಿಸಿದರು. ತೋಮಾಸಿ ಲೋಸಾಳ ಕಡೆ ಬಾಗಿ, ಮಂತ್ರಿಗೆ ಇಷ್ಟು ಸಾಕೇ ಎಂದು ಕೇಳಿದರು. ಸಾಕು, ನಾನು ಸಾಕು ಮಾಡಿಸುತ್ತೇನೆ ಎಂದಳು ಅವಳು. ಯಾರೂ ಆಕ್ಷೇಪಿಸಲಿಲ್ಲ. ಮರದ ಸುತ್ತಿಗೆ ಬಿತ್ತು.

ಅಷ್ಟೇ. ಒಂದು ಟಕ್ ಎಂಬ ಸದ್ದು. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗಿಯೂ ಆಗಿತ್ತು. ಲೋಸಾ ಹಿಂದಕ್ಕೆ ತಿರುಗಿ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಮಂಜುಗಡ್ಡೆಯಂತಿತ್ತು, ನನ್ನದು ಕಾದಿತ್ತು. ತೋಮಾಸಿ ಕರವಸ್ತ್ರ ಹುಡುಕುತ್ತಿದ್ದರು.

ಅವರು ವಿಮಾನ ಹತ್ತಿದ ಮೇಲೆ ನನ್ನ ಪಾಲಿನ ಬೆಲೆ ತೆರುವ ಸರದಿ ಬಂತು. ಶ್ರೀನಿವಾಸ್ ಹೇಳಿದಂತೆಯೇ ಮಾಡಿದರು. ಕರಾವಳಿ ಯೋಜನೆ ಬೇರೆಯವಳಿಗೆ ಹೋಯಿತು, ನನಗೆ ಹಿಮಾಯತ್‌ನಗರದ ಒಳಚರಂಡಿಗಳ ನಕ್ಷೆ ಸಿಕ್ಕಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆ ಚಳಿಗಾಲವೆಲ್ಲ ಮ್ಯಾನ್‌ಹೋಲುಗಳಿಗೆ ಗುರುತು ಹಾಕುತ್ತ ಕಳೆದೆ. ಶಾಂತಾಬಾಯಿ ಮಾತ್ರ ಊಟಕ್ಕೆ ಕೂತಾಗೆಲ್ಲ, ನಿನ್ನ ಆ ಸಮುದ್ರದ ಹೆಣ್ಮಗಳಿಂದ ಏನರ ಸುದ್ದಿ ಬಂತೇನ ಎಂದು ಕೇಳುತ್ತಿದ್ದರು. ಲೋಸಾ ಆಗಾಗ ಮೇಲ್ ಬರೆಯುತ್ತಿದ್ದಳು. ಮಂತ್ರಿ ಮಸೂದೆ ಮಂಡಿಸಿದ. ಹಡಗು ಕಂಪನಿಗಳ ಕಡೆಯವರು ಬಂದು ಹೋದರು. ಮಂತ್ರಿ ಮತ್ತೆ ತೂಗತೊಡಗಿದ. ದ್ವೀಪಗಳಿಂದ ಹಿರಿಯರು ದೋಣಿಗಳಲ್ಲಿ ರಾಜಧಾನಿಗೆ ಬಂದು ಪಾರ್ಲಿಮೆಂಟಿನ ಎದುರಿನ ಮರದಡಿ ಕೂತರು. ಆಮೇಲೆ ಬಹಳ ದಿನ ಸುದ್ದಿಯಿಲ್ಲ.

ಮಾವಿನಹಣ್ಣಿನ ಕಾಲ. ಬೆಳಗಿನ ಲೋಕಲ್ ರೈಲಿನ ಹೆಂಗಸರ ಬೋಗಿ ಕಿಕ್ಕಿರಿದಿತ್ತು. ಬೇಗಂಪೇಟೆ ದಾಟುವ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು, ಉದ್ದನೆಯ ವಿದೇಶಿ ನಂಬರು. ಆ ಕಡೆ ಎಷ್ಟೊಂದು ಗದ್ದಲವಿತ್ತೆಂದರೆ ಲೋಸಾಳ ಧ್ವನಿಯನ್ನು ಹೆಕ್ಕಿಕೊಳ್ಳಬೇಕಾಯಿತು. ಈಗಷ್ಟೇ ಮತ ಹಾಕಿದರು ಎಂದಳು. ಹಡಗುಗಳಿಗೆ ಪರವಾನಗಿ ಕೊಟ್ಟಿದ್ದಾರೆ, ಆದರೆ ಗುಡ್ಡದ ಸುತ್ತ ಬರುವ ಹಾಗಿಲ್ಲ. ಕೊಳವೂ ಉಳಿಯಿತು, ಗುಡ್ಡವೂ ಉಳಿಯಿತು. ಕೇಳು ಎಂದು ಫೋನನ್ನು ಗುಂಪಿನ ಕಡೆ ಹಿಡಿದಳು. ನೂರಾರು ಜನ ಒಟ್ಟಿಗೆ ಹಾಡುತ್ತಿದ್ದರು. ರೈಲಿನ ಸದ್ದಿನ ನಡುವೆ, ಬೆವರುವ ಹೆಂಗಸರ ನಡುವೆ, ನಾನು ಆ ಹಾಡನ್ನು ಫೋನ್ ಕಡಿದುಹೋಗುವವರೆಗೆ ಕೇಳಿದೆ.

ಆಮೇಲೆ ನನಗರಿವಿಲ್ಲದೆ, ಕನ್ನಡದಲ್ಲಿ, ಜೋರಾಗಿಯೇ, ಪಾಸಾಯಿತು ಎಂದುಬಿಟ್ಟೆ.

ಬಾಗಿಲ ಬಳಿ ಸಿಮೆಂಟು ಹೊರುವ ಬುಟ್ಟಿಗಳನ್ನು ಕಾಲಡಿಯಿಟ್ಟು ಕೂತಿದ್ದ ಹೆಂಗಸೊಬ್ಬಳು ತಲೆಯೆತ್ತಿದಳು. ಹೈಟೆಕ್ ಸಿಟಿಯ ಕಟ್ಟಡ ಕೆಲಸಕ್ಕೆ ಹೋಗುವ ಯಾದಗಿರಿ ಕಡೆಯ ಗುಂಪಿನಲ್ಲಿ ಒಬ್ಬಳು. ಕನ್ನಡ ಕೇಳಿ ಅವಳ ಮುಖ ಅರಳಿತ್ತು.

"ಪಾಸಾದ್ಯೇನ ತಂಗಿ? ಯಾವ ಪರೀಕ್ಷೆ?"

ಏನು ಹೇಳಬೇಕೆಂದು ತಿಳಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ನಗುವೂ ತಡೆಯದಾಗಿತ್ತು. "ಸಮುದ್ರದ್ದು," ಎಂದೆ.

ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಪಕ್ಕಕ್ಕೆ ಸರಿದು, ಬುಟ್ಟಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ನನಗೆ ಕೂರಲು ಜಾಗ ಮಾಡಿಕೊಟ್ಟಳು.

"ಒಳ್ಳೇದಾತು ಬಿಡು. ಅದು ಭಾಳ ದೊಡ್ಡದಿರ್ತೈತಂತ. ಎಷ್ಟ್ ಓದಿದ್ಯೋ ಏನೋ, ದಣದೀ. ಕೂಡು ಬಾ."